‘ಪ್ರೇಮ ಪ್ರಕರಣ’ ಯಾವ ಕಲಮಿನಲ್ಲಿದೆ?

ನಾನು ಹುನಗುಂದದ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಇಳಕಲ್ಲಿನ ಒಂದು ಕಾಲೇಜು ತನ್ನ ಆಂತರಿಕ ದೂರು ಸಮಿತಿಗೆ ಹೊರಗಿನ ಸದಸ್ಯೆ ಬೇಕೆಂದು ನನ್ನನ್ನು ಸೇರಿಸಿಕೊಂಡಿತ್ತು. ಹೊರಗಿನ ಸದಸ್ಯೆ ಎಂದರೆ ವರ್ಷಕ್ಕೊಮ್ಮೆ ಬಂದು, ಚಹಾ ಕುಡಿದು, ಸಹಿ ಹಾಕಿ ಹೋಗುವವಳು ಎಂದು ಅವರು ತಿಳಿದಿದ್ದರು. ಚಹಾ ಕುಡಿದೆ. ಸಹಿಗೆ ಮಾತ್ರ ಸ್ವಲ್ಪ ತಡೆಯಿರಿ ಎಂದೆ.

ಆ ವರ್ಷ ಕಾಲೇಜಿಗೆ ಪರಿಶೀಲನಾ ತಂಡವೊಂದು ಬರುವುದಿತ್ತು. ಅದಕ್ಕೆ ಆವರಣ ಸುರಕ್ಷತೆಯ ವಾರ್ಷಿಕ ವರದಿ ಬೇಕು. ಆವರಣದಲ್ಲಿ ಯಾವ ಯಾವ ಅಪರಾಧ ನಡೆಯಿತು, ಕಾನೂನಿನ ಪ್ರಕಾರ ಅದರ ಹೆಸರೇನು, ಕಾಲೇಜು ಏನು ಕ್ರಮ ತೆಗೆದುಕೊಂಡಿತು ಎಂದು ಬರೆಯಬೇಕು. ಪ್ರಾಚಾರ್ಯರು ಹಿಂದಿನ ವರ್ಷಗಳ ವರದಿಗಳನ್ನು ನನ್ನ ಮುಂದಿಟ್ಟರು. ಎಲ್ಲ ಸಾಲಿನಲ್ಲೂ ಸೊನ್ನೆ.

“ಮೇಡಂ, ಸೊನ್ನಿ ಇದ್ರ ನೋಡಾಕ ಚಲೋ ಕಾಣತೈತಿ,” ಎಂದರು.

“ಸರ್, ಇಷ್ಟು ಸೊನ್ನಿ ಇದ್ರ ಇಲ್ಲಿ ಯಾರೂ ಬರಕೊಂಡಿಲ್ಲ ಅಂತ ಕಾಣತೈತಿ,” ಎಂದೆ.

ಬರೆದುಕೊಂಡಿಲ್ಲ ಎಂದು ನಾನು ಹೇಳಿದ್ದು ತಪ್ಪಾಗಿತ್ತು. ಆಫೀಸಿನ ದಿನವಹಿಯಲ್ಲಿ ಎಲ್ಲವನ್ನೂ ಬರೆದಿದ್ದರು, ಆದರೆ ತಮ್ಮದೇ ಭಾಷೆಯಲ್ಲಿ. ಹಾಸ್ಟೆಲಿನಲ್ಲಿ ಚಾರ್ಜಿಗೆ ಇಟ್ಟ ಮೊಬೈಲು ಹೋದರೆ ‘ಕಾಣೆಯಾಗಿದೆ’. ಗೇಟಿನ ಬಳಿ ಇಬ್ಬರು ಸೇರಿ ಒಬ್ಬ ಹುಡುಗನನ್ನು ಹೆದರಿಸಿ ಅವನ ವಾಚು ಬಿಚ್ಚಿಸಿಕೊಂಡರೆ ‘ಹುಡುಗಾಟ’. ತಲೆ ಒಡೆದು ಹೊಲಿಗೆ ಬಿದ್ದರೆ ‘ಸಣ್ಣ ಗಲಾಟೆ’. ಕೊನೆಗೆ ಎಲ್ಲದರ ಮುಂದೆಯೂ ‘ರಾಜಿ ಆಗಿದೆ’. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಆ ರೀತಿ. ರಾಜಿಯಾದದ್ದು ಅಪರಾಧವಲ್ಲ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯೆಂದರೆ, ಕಕ್ಷಿದಾರರು ಕೋರ್ಟಿನ ಮೆಟ್ಟಿಲ ಮೇಲೆ ಕೈ ಕುಲುಕಿ, ಒಳಗೆ ಕೇಸು ತಾನಾಗಿಯೇ ಮುಗಿಯಿತೆಂದು ಊಟಕ್ಕೆ ಹೋಗಿಬಿಡುತ್ತಾರೆ.

ಸಮಿತಿಯವರನ್ನು ಕೂರಿಸಿಕೊಂಡು ಒಂದೊಂದೇ ಘಟನೆ ತೆಗೆದೆ. ಸಮಿತಿಯ ಅಧ್ಯಕ್ಷೆ ಅಲ್ಲಿನ ಹಿರಿಯ ಉಪನ್ಯಾಸಕಿ. ಮೆತ್ತಗಿನ ಹೆಂಗಸು, ಆದರೆ ಒಮ್ಮೆ ಹಿಡಿದರೆ ಬಿಡುವವರಲ್ಲ. ಮೊಬೈಲಿಗೆ ಕಾಲಿಲ್ಲ, ತಾನಾಗಿ ಕಾಣೆಯಾಗುವುದಿಲ್ಲ. ಒಡೆಯನ ಒಪ್ಪಿಗೆಯಿಲ್ಲದೆ, ಲಪಟಾಯಿಸುವ ಉದ್ದೇಶದಿಂದ ಒಂದು ವಸ್ತುವನ್ನು ಅವನ ಸ್ವಾಧೀನದಿಂದ ಸರಿಸಿದರೆ ಅದು ಕಳವು. ಅದನ್ನೇ ಹೆದರಿಸಿ ತೆಗೆದುಕೊಂಡರೆ ಸುಲಿಗೆ. ಆಮೇಲೆ ವಾಚು ವಾಪಸು ಕೊಟ್ಟರೇನು, ಕಾಲಿಗೆ ಬಿದ್ದರೇನು, ನಡೆದದ್ದು ನಡೆದದ್ದೇ. ರಾಜಿಯನ್ನು ಕೈಗೊಂಡ ಕ್ರಮದ ಕಾಲಮಿನಲ್ಲಿ ಬರೆಯಬಹುದು, ಅಪರಾಧದ ಹೆಸರಿನ ಜಾಗದಲ್ಲಿ ಅಲ್ಲ. ಸಂಜೆಯಾಗುವಷ್ಟರಲ್ಲಿ ಅಧ್ಯಕ್ಷೆಯವರು ನನಗಿಂತ ಚುರುಕಾಗಿ ಹೆಸರು ಹೇಳತೊಡಗಿದ್ದರು.

ಆಗ ಆ ಸಾಲು ಬಂತು: ‘ಪ್ರೇಮ ಪ್ರಕರಣ. ಗುಳೇದಗುಡ್ಡ. ಪಾಲಕರಿಗೆ ತಿಳಿಸಿದೆ.’

“ಇದು ಯಾವ ಕಲಮಿನಾಗ ಬರತೈತ್ರಿ ಸರ್?” ಎಂದು ಕೇಳಿದೆ.

ಪ್ರಾಚಾರ್ಯರು ನಕ್ಕರು. ಜವಳಿ ವಿನ್ಯಾಸ ಓದುತ್ತಿದ್ದ ಒಬ್ಬ ಹುಡುಗಿಯನ್ನು ಕುಪ್ಪಸದ ಖಣ ನೇಯುವುದನ್ನು ಕಲಿಯಲೆಂದು ಗುಳೇದಗುಡ್ಡದ ಒಂದು ಮಗ್ಗದ ಮನೆಗೆ ತರಬೇತಿಗೆ ಕಳಿಸಿದ್ದರು. ಅವಳ ತರಗತಿಯ ಹುಡುಗನೊಬ್ಬನಿಗೆ ಇಳಕಲ್ಲಿನಲ್ಲೇ ತರಬೇತಿ. ಆದರೂ ಅವನು ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿಗೆ ಹೋಗುತ್ತಿದ್ದ. ಮಗ್ಗದ ಮನೆಯ ಒಡತಿ ಫೋನು ಮಾಡಿ ಹೇಳಿದರು. ಪ್ರಾಚಾರ್ಯರು ಹುಡುಗಿಯನ್ನೂ ಕೇಳಲಿಲ್ಲ, ಹುಡುಗನನ್ನೂ ಕೇಳಲಿಲ್ಲ. ಹುಡುಗಿಯ ಅಪ್ಪನಿಗೆ ಫೋನು ಮಾಡಿ, ದಿನವಹಿಯಲ್ಲಿ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವರು.

ಮುಂದಿನ ಸಲ ನಾನು ಹೋದಾಗ ಆ ಅಪ್ಪ ಆಫೀಸಿನ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಮಗಳು, ತಲೆ ಎತ್ತಿರಲಿಲ್ಲ. ಅವರದು ಚೊಳಚಗುಡ್ಡದ ಪಕ್ಕದ ಹಳ್ಳಿ. ಅಮೀನಗಡದ ಸಂತೆಯಲ್ಲಿ ಕುರಿ ವ್ಯಾಪಾರ. ಮಗಳ ಟಿ.ಸಿ. ತೆಗೆದುಕೊಂಡು ಹೋಗಲು ಬಂದಿದ್ದರು. ಅರ್ಜಿ ಆಗಲೇ ಕ್ಲಾರ್ಕಿನ ಮೇಜು ಸೇರಿತ್ತು.

“ಸಾಹೇಬ್ರು ಫೋನ್ ಮಾಡಿ ‘ನಿಮ್ಮ ಮಗಳದು ಪ್ರೇಮ ಪ್ರಕರಣ ಐತಿ’ ಅಂದ್ರ್ರಿ. ಸ್ಪೀಕರ್ ಹಚ್ಚಿದ್ನಿ. ಮನಿ ತುಂಬ ಮಂದಿ ಕುಂತಿತ್ತು,” ಎಂದರು. “ಅಕಿ ಕಲತದ್ದು ಸಾಕ್ರಿ ಅಕ್ಕಾರ. ನಮ್ಮ ಅಕ್ಕನ ಮಗ ಅದಾನ. ಮಾತ ಆಗೇತಿ.”

ಮಗಳು ಸೆರಗಿನಂತೆ ಎಳೆದುಕೊಂಡಿದ್ದ ಓಢಣಿಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ನನಗೆ ಸಿಟ್ಟು ಬಂತು. ಅಪ್ಪನ ಮೇಲಲ್ಲ. ಒಂದು ದಿನವಹಿಯಲ್ಲಿ ಯಾರೋ ಆಲಸ್ಯದಿಂದ ಬರೆದ ಎರಡು ಶಬ್ದ ಈ ಹುಡುಗಿಯ ಓದನ್ನು ನಿಲ್ಲಿಸಿ, ಹಸೆಮಣೆಯ ಮೇಲೆ ಕೂರಿಸುವುದರಲ್ಲಿತ್ತು. ಅಪರಾಧಕ್ಕೆ ಸರಿಯಾದ ಹೆಸರಿಡುವುದು ಕಾಗದದ ಕೆಲಸ ಎನ್ನುವವರು ಆ ಬೆಂಚನ್ನು ನೋಡಬೇಕಿತ್ತು.

“ಯಜಮಾನ್ರ, ಟಿ.ಸಿ. ಎಲ್ಲಿಗೂ ಓಡಿ ಹೋಗೂದಿಲ್ಲ,” ಎಂದೆ. “ಏನ್ ನಡದೈತಿ ಅಂತ ಇನ್ನೂ ಯಾರೂ ಕೇಳೇ ಇಲ್ಲ. ನಾವು ಕೇಳ್ತೇವಿ. ಒಂದ ತಿಂಗಳು ಬಿಡ್ರಿ.”

ಅವರು ಪ್ರಾಚಾರ್ಯರ ಕೋಣೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. “ತಿಂಗಳು ಅಂದ್ರ ನಾಕ ಸಂತಿ. ಐದನೇ ಸಂತಿಗಿ ನಮ್ಮ ಬೀರಪ್ಪ ದೇವ್ರ ಬಂದು ಹೇಳಿದ್ರೂ ನಾ ಕೇಳಾವ ಅಲ್ಲ,” ಎಂದರು.

ಹುಡುಗಿಯನ್ನು ಅಧ್ಯಕ್ಷೆಯವರ ಕೋಣೆಗೆ ಕರೆದುಕೊಂಡು ಹೋದೆವು. ಮೊದಲು ವಯಸ್ಸು ಕೇಳಿದೆ. ಹದಿನೆಂಟು ತುಂಬಿರದಿದ್ದರೆ ದಾರಿಯೇ ಬೇರೆ. ಅಲ್ಲಿ ಸಮಿತಿ ಕೂತು ಯೋಚಿಸುವ ಹಾಗಿಲ್ಲ, ವಿಷಯ ನೇರವಾಗಿ ಪೊಲೀಸರಿಗೆ ಹೋಗಬೇಕು. ಅವಳಿಗೆ ಹದಿನೆಂಟು ದಾಟಿತ್ತು. ಹಾಗಾಗಿ ದೂರು ಕೊಡುವುದೂ ಬಿಡುವುದೂ ಅವಳ ಕೈಯಲ್ಲಿತ್ತು.

“ನೀ ದೂರು ಕೊಡಬೇಕಂತ ನಾ ಹೇಳೂದಿಲ್ಲ ತಂಗಿ,” ಎಂದೆ. “ಕೊಡದಿದ್ರ ಆ ಸಾಲು ಹಂಗ ಉಳೀತೈತಿ. ಕೊಟ್ರ ಎಲ್ಲಾರ ಮುಂದ ಬಾಯಿ ತಗೀಬೇಕಾಗತೈತಿ. ಎರಡೂ ತ್ರಾಸ ಅದಾವು.”

ಅವಳು ಬಹಳ ಹೊತ್ತು ಯೋಚಿಸಲಿಲ್ಲ. “ಪೆನ್ ಕೊಡ್ರಿ,” ಎಂದಳು.

ಅವಳು ಬರೆದದ್ದು ಇಷ್ಟು. ಹುಡುಗ ವಾರಕ್ಕೆ ಹಲವು ಸಲ ಇಳಕಲ್ಲಿನಿಂದ ಗುಳೇದಗುಡ್ಡಕ್ಕೆ ಬರುತ್ತಿದ್ದ. ಮಗ್ಗದ ಮನೆಯಲ್ಲಿ ಕೂರುತ್ತಿದ್ದ. ಸಂಜೆ ಅವಳು ಊರಿಗೆ ಹೊರಟರೆ ಬಾದಾಮಿಯವರೆಗೆ ಅದೇ ಬಸ್ಸಿನಲ್ಲಿ ಬರುತ್ತಿದ್ದ. ಅವಳು ಸೀಟು ಬದಲಿಸಿದರೆ ಅವನೂ ಬದಲಿಸುತ್ತಿದ್ದ. ಮುಟ್ಟಿರಲಿಲ್ಲ, ಬೆದರಿಸಿರಲಿಲ್ಲ. ಮದುವೆಯಾಗುತ್ತೇನೆ ಎನ್ನುತ್ತಿದ್ದ, ಅಷ್ಟೇ.

ದೂರಿನ ಪ್ರತಿಯನ್ನು ಹುಡುಗನಿಗೆ ಕಳಿಸಿ, ಉತ್ತರ ಕೊಡಲು ನಿಯಮದಲ್ಲಿರುವಷ್ಟು ದಿನ ಕೊಟ್ಟೆವು. ಬೇಗ ಮುಗಿಸೋಣವೆಂದು ಸಮಿತಿಯಲ್ಲಿ ಒಬ್ಬರು ಹೇಳಿದಾಗ ನಾನು ಒಪ್ಪಲಿಲ್ಲ. ಅವನ ಮಾತು ಕೇಳದೆ ಬರೆದರೆ ನಮಗೂ ಪ್ರಾಚಾರ್ಯರಿಗೂ ಏನು ಫರಕು? ವಿಚಾರಣೆ ಮುಗಿಯುವವರೆಗೆ ಅವನು ಗುಳೇದಗುಡ್ಡದ ಬಸ್ಸು ಹತ್ತಬಾರದೆಂದು ಮಾತ್ರ ಲಿಖಿತ ಸೂಚನೆ ಹೋಯಿತು.

ಅಷ್ಟರಲ್ಲಿ ಪ್ರಾಚಾರ್ಯರು ಹೊಸ ತಕರಾರು ತೆಗೆದರು. “ಆ ನೇಕಾರರ ಮನಿ ನಮ್ಮ ಕಾಲೇಜ ಏನ್ರಿ ಮೇಡಂ? ಆವರಣದಾಗ ನಡದಿದ್ದು ಅಷ್ಟ ನಾವು ಬರೀಬೇಕು. ಇದು ಖಾಸಗಿ ಮನಿ, ಸರಕಾರಿ ಬಸ್ಸು.”

ಈ ಪ್ರಶ್ನೆ ಬರುತ್ತದೆಂದು ನಾನು ನಿಯಮಾವಳಿಯ ಆ ಪುಟಕ್ಕೆ ಮೊದಲೇ ಚೀಟಿ ಇಟ್ಟಿದ್ದೆ. ಆವರಣವೆಂದರೆ ಕಂಪೌಂಡಿನ ಒಳಗಿನದಷ್ಟೇ ಅಲ್ಲ. ವಿದ್ಯಾರ್ಥಿಯಾಗಿ ಹೋದ ತರಬೇತಿಯ ಜಾಗ, ಪ್ರವಾಸ, ಶಿಬಿರ, ಎಲ್ಲವೂ ವಿಸ್ತೃತ ಆವರಣ. ಓದಿ ಹೇಳಿದೆ. “ಅಕಿ ಅಲ್ಲಿಗೆ ಖಣ ಕೊಳ್ಳಾಕ ಹೋಗಿಲ್ರಿ ಸರ್. ನಿಮ್ಮ ಸಹಿ ಇದ್ದ ಪತ್ರ ಹಿಡಕೊಂಡು ಹೋಗ್ಯಾಳ. ತರಬೇತಿ ಮುಗಿಯೂತನಕ ಅಕಿ ಕುಂದರೂ ಆ ಮಗ್ಗದ ಕುಣೀನೂ ನಿಮ್ಮ ಕಾಲೇಜ.”

ಅವರು ನಿಯಮದ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದರ ಹಿಂದಿನ ಪುಟದಲ್ಲಿ ತಮಗೆ ಅನುಕೂಲವಾದದ್ದು ಏನಾದರೂ ಸಿಗಬಹುದೇ ಎಂದು ಹುಡುಕಿದರೆಂದು ತೋರುತ್ತದೆ.

ನಾನೂ ಅಧ್ಯಕ್ಷೆಯವರೂ ಗುಳೇದಗುಡ್ಡಕ್ಕೆ ಹೋದೆವು. ನನ್ನ ತಲೆಯಲ್ಲಿ ಅತಿಕ್ರಮ ಪ್ರವೇಶದ ಕಲಮು ಸುತ್ತುತ್ತಿತ್ತು. ಬೇರೆಯವರ ಮನೆಗೆ ಕೆಟ್ಟ ಉದ್ದೇಶದಿಂದ, ಪೀಡಿಸಲೆಂದು ನುಗ್ಗಿದರೆ ಅದು ಸುಲಭವಾಗಿ ಕೂರುವ ಕಲಮು ಎಂದುಕೊಂಡಿದ್ದೆ. ಆ ಓಣಿಗೆ ಕಾಲಿಟ್ಟ ಕೂಡಲೇ ಆ ಭ್ರಮೆ ಹರಿಯಿತು. ಪ್ರತಿ ಮನೆಯ ಪಡಸಾಲೆಯಲ್ಲೂ ಕಾಲು ಇಳಿಬಿಟ್ಟು ಕೂರುವ ಕುಣಿ, ಅದರ ಮುಂದೆ ಮಗ್ಗ, ಪ್ರತಿ ಬಾಗಿಲೂ ತೆರೆದದ್ದು. ನಾವು ಯಾರೆಂದು ಕೇಳುವ ಮೊದಲೇ ಮನೆಯೊಡತಿ ಚಾಪೆ ಹಾಸಿದರು.

“ಮಗ್ಗದ ಮನಿಗಿ ಬಾಗಲಾ ಹಾಕೂದು ಎಲ್ಲೈತ್ರಿ ಅಕ್ಕಾರ?” ಎಂದರು. “ನೂಲು ತರಾವ್ರು, ಖಣ ಒಯ್ಯಾವ್ರು, ಬರ್ತಾರ ಹೋಗ್ತಾರ. ಅವ ಕಾಲೇಜ ಹುಡುಗ ಅಂದ. ಕುಂದರಪಾ ಅಂದೆ, ಚಾ ಕೊಟ್ಟೆ.”

“ಎಷ್ಟ ಸಲ ಬಂದಿದ್ದ?”

“ನಮ್ಮ ಚಾಪುಡಿ ಡಬ್ಬಿ ಖಾಲಿ ಆಗೂವಷ್ಟ.”

ಕರೆದು ಚಹಾ ಕೊಟ್ಟ ಮೇಲೆ ಅದು ಅತಿಕ್ರಮವಾಗುವುದು ಹೇಗೆ? ಆ ಕಲಮನ್ನು ಅಲ್ಲೇ ಕೈಬಿಟ್ಟೆ. ಉಳಿದದ್ದು ಹಿಂಬಾಲಿಸಿ ಪೀಡಿಸುವ ಕಲಮು. ನ್ಯಾಯ ಸಂಹಿತೆಯಲ್ಲಿ ಅದರ ವ್ಯಾಖ್ಯೆ ಬಿಗಿಯಾಗಿದೆ. ಗಂಡಸು ಹೆಂಗಸನ್ನು ಹಿಂಬಾಲಿಸಬೇಕು, ಸಲಿಗೆ ಬೆಳೆಸಲು ಮಾತಾಡಿಸಬೇಕು ಅಥವಾ ಮಾತಾಡಿಸಲು ಯತ್ನಿಸಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ಮತ್ತು ಇದೆಲ್ಲ ಅವಳು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಮುಂದುವರಿಯಬೇಕು. ಬಸ್ಸಿದೆ, ಮಾತಿದೆ, ಚಹಾಪುಡಿಯ ಲೆಕ್ಕದಲ್ಲಿ ಮತ್ತೆ ಮತ್ತೆ ಎಂಬುದೂ ಇದೆ. ಕೊನೆಯದೊಂದು ಬೇಕಿತ್ತು.

“ಅಕಿ ಅವಗ ಬ್ಯಾಡ ಅಂದದ್ದು ನೀವು ಕೇಳೀರಿ?” ಎಂದು ಕೇಳಿದೆ.

“ಮಗ್ಗ ನಡದಾಗ ಏನ್ ಕೇಳತೈತ್ರಿ? ಅವ ಬಂದ್ರ ಅಕಿ ಕುಣಿ ಬಿಟ್ಟು ಮ್ಯಾಲ ಏಳತಿದ್ದಿಲ್ಲ. ಊಟಕ್ಕೂ ಏಳತಿದ್ದಿಲ್ಲ. ನನಗ ಅಷ್ಟ ಗೊತ್ತು. ಅದಕ್ಕ ಫೋನ್ ಮಾಡಿದೆ.”

ಇಷ್ಟರಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ವಿಚಾರಣೆಯ ದಿನ ಹುಡುಗಿಯನ್ನು ಮೊದಲು ಕರೆದೆವು. ಹುಡುಗ ಬೇರೆ ಕೋಣೆಯಲ್ಲಿದ್ದ. ಇಬ್ಬರನ್ನೂ ಎದುರುಬದುರು ಕೂರಿಸಬಾರದೆಂದು ನಾನು ಮೊದಲೇ ಹೇಳಿದ್ದೆ. ಹುಡುಗಿ ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಆಮೇಲೆ ಅಧ್ಯಕ್ಷೆಯವರು ಕೇಳಲೇಬೇಕಾದ ಪ್ರಶ್ನೆ ಕೇಳಿದರು.

“ಅವಗ ನೀ ಬ್ಯಾಡ ಅಂತ ಹೇಳಿದ್ದೇನವಾ?”

“ಇಲ್ರಿ.”

ಸಮಿತಿಯಲ್ಲಿದ್ದ ಆಫೀಸು ಸೂಪರಿಂಟೆಂಡೆಂಟರು ಪೆನ್ನಿನ ಟೊಪ್ಪಿಗೆ ಹಾಕಿಬಿಟ್ಟರು. “ಹಂಗಾದ್ರ ಆತಲ್ರಿ,” ಎಂದರು. ನಾಕನೇ ಸಂತೆ ಹತ್ತಿರ ಬಂದಿತ್ತು.

“ಮತ್ತ ಏನ್ ಹೇಳಿದಿ ತಂಗಿ?” ಎಂದೆ.

ಅವಳು ಮೊದಲ ಸಲ ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದಳು. ಇಷ್ಟು ಓದಿದವರಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.

“ಅಣ್ಣಾ ಅಂದೇನ್ರಿ. ಇನ್ನ ಹೆಂಗ ಹೇಳಬೇಕಿತ್ತು?”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಓದುವವನನ್ನು ಹೆಸರು ಹಿಡಿದು ಕರೆಯುತ್ತಾರೆ. ಅವನು ಬೇರೆ ದಾರಿ ಹಿಡಿದನೆಂದು ಕಂಡರೆ, ನಾಲ್ಕು ಜನರ ನಡುವೆ ಒಂದು ದಿನ ‘ಅಣ್ಣಾ’ ಎನ್ನುತ್ತಾರೆ. ಬೈಗುಳವಿಲ್ಲ, ಅವಮಾನವಿಲ್ಲ, ಅವನ ಮರ್ಯಾದೆಯೂ ಉಳಿಯಿತು. ಅಲ್ಲಿಗೆ ಮುಗಿಯಿತು. ನಾನೂ ಕಾಲೇಜಿನ ದಿನಗಳಲ್ಲಿ ಹೀಗೆ ಒಂದಿಬ್ಬರು ಅಣ್ಣಂದಿರನ್ನು ಸಂಪಾದಿಸಿದವಳೇ.

ಆದರೆ ಸೂಪರಿಂಟೆಂಡೆಂಟರ ಮಾತೂ ಸುಳ್ಳಾಗಿರಲಿಲ್ಲ. “ಅಣ್ಣಾ ಅಂತ ಬಸ್ ಕಂಡಕ್ಟರಗೂ ಅಂತಾರ್ರಿ ಮೇಡಂ. ಅದನ್ನ ಬ್ಯಾಡ ಅಂದ್ಲು ಅಂತ ಹೆಂಗ ಬರೀಬೇಕು?”

ಹುಡುಗಿ ಹೊರಗೆ ಹೋದ ಮೇಲೆ ಅಧ್ಯಕ್ಷೆಯವರು ದನಿ ತಗ್ಗಿಸಿ ಹೇಳಿದರು, “ಅಕಿ ಅಂದದ್ದು ಅದ ಅರ್ಥದಾಗ ಅಲ್ರಿ? ‘ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದಳು’ ಅಂತ ಬರದ ಬಿಡೂಣ. ಅಕಿ ಸಹಿ ಮಾಡ್ತಾಳ. ಹುಡುಗಿ ಉಳೀತಾಳ.”

ಅವರ ಕಳಕಳಿ ನನಗೆ ಅರ್ಥವಾಯಿತು. ಹಾಗೆ ಬರೆದರೆ ವ್ಯಾಖ್ಯೆಯ ನಾಲ್ಕೂ ಮೂಲೆ ಸರಿಯಾಗಿ ಕೂರುತ್ತಿತ್ತು. ಒಂದು ಕ್ಷಣ ನನ್ನ ಕೈಯೂ ಪೆನ್ನಿನ ಕಡೆ ಹೋಯಿತು. ಆದರೆ ಅವಳಾಡದ ಮಾತನ್ನು ಅವಳ ಬಾಯಿಗೆ ತುರುಕಿದರೆ, ನಾಳೆ ಯಾವುದಾದರೂ ಒಳ್ಳೆಯ ವಕೀಲ ಒಂದೇ ಪ್ರಶ್ನೆಯಲ್ಲಿ ಅದನ್ನು ಕಿತ್ತು ಒಗೆಯುತ್ತಾನೆ. ಎದುರು ಪಕ್ಷದಲ್ಲಿ ನಾನಿದ್ದರೆ ನಾನೇ ಒಗೆಯುತ್ತಿದ್ದೆ. ಆಮೇಲೆ ಅವಳು ನಿಜವಾಗಿ ಆಡಿದ ಮಾತನ್ನೂ ಯಾರೂ ನಂಬುವುದಿಲ್ಲ.

“ಬ್ಯಾಡ್ರಿ ಮೇಡಂ,” ಎಂದೆ. “ಅಣ್ಣಾ ಅಂದೆ ಅಂತ ಅಂದಾಳ, ಅಣ್ಣಾ ಅಂತನ ಬರೀರಿ. ಕಾನೂನು ಬ್ಯಾಡ ಅನ್ನೂ ಶಬ್ದ ಕೇಳಿಲ್ಲ, ಸೂಚನೆ ಕೇಳೇತಿ. ಆ ಸೂಚನೆ ಅವಗ ತಿಳೀತೋ ಇಲ್ಲೋ ಅವನ್ನ ಕೇಳೂಣ.”

ಹೇಳಿಕೆಯಲ್ಲಿ ಅವಳ ಮಾತು ಇದ್ದ ಹಾಗೆಯೇ ಇಳಿಯಿತು. ಓದಿ ಹೇಳಿದೆವು, ಅವಳು ಸಹಿ ಮಾಡಿದಳು.

ಹುಡುಗ ಬಂದು ಕುಳಿತ. ಕೆಟ್ಟ ಮುಖದವನಲ್ಲ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಗೆಳೆತನವಿತ್ತು, ಸುಮ್ಮನೆ ಮಾತಾಡಿಸಲು ಹೋಗುತ್ತಿದ್ದೆ, ಅವಳೆಂದೂ ಬೇಡ ಅನ್ನಲಿಲ್ಲ ಎಂದು ಲಿಖಿತ ಉತ್ತರದಲ್ಲಿ ಬರೆದದ್ದನ್ನೇ ಮತ್ತೆ ಹೇಳಿದ. ಅವನಿಗೆ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು. ನಾನು ಬಸ್ಸಿನ ಸುದ್ದಿ ತೆಗೆಯಲಿಲ್ಲ, ಮಗ್ಗದ ಮನೆಯ ಸುದ್ದಿಯನ್ನೂ ತೆಗೆಯಲಿಲ್ಲ.

“ಅಕಿ ನಿನಗ ಏನಂತ ಕರೀತಿದ್ಲು ತಮ್ಮಾ?”

“ಹೆಸರ ಹಿಡದು ಕರೀತಿದ್ಲ್ರಿ.”

“ಕಡೀತನಕ ಹೆಸರ ಹಿಡದನಾ?”

“ಆಮ್ಯಾಲ ಆಮ್ಯಾಲ ಅಣ್ಣಾ ಅನ್ನಾಕ ಹತ್ತಿದ್ಲ್ರಿ.”

“ಕ್ಲಾಸಿನಾಗ ಬ್ಯಾರೆ ಹುಡುಗರಿಗೂ ಅಣ್ಣಾ ಅಂತಿದ್ಲೇನು?”

“ಇಲ್ರಿ. ನನಗ ಅಷ್ಟ.”

“ಅದಕ್ಕ ನೀ ಏನಂದಿ?”

“ನನಗ ಅಣ್ಣಾ ಅನಬ್ಯಾಡ ಅಂದ್ನಿ.”

“ಯಾಕ?”

ಅವನು ಅಧ್ಯಕ್ಷೆಯವರನ್ನು ನೋಡಿದ, ಸೂಪರಿಂಟೆಂಡೆಂಟರನ್ನು ನೋಡಿದ. ಸಹಾಯ ಎಲ್ಲಿಂದಲೂ ಬರಲಿಲ್ಲ. ಕೊನೆಗೆ ನೆಲ ನೋಡುತ್ತ ಹೇಳಿದ, “ಅಣ್ಣಾ ಅಂದ್ರ ಮುಂದ ಏನೂ ಆಗೂದಿಲ್ಲಲ್ರಿ.”

“ಅಕಿ ಹಂಗ ಅಂದ ಮ್ಯಾಲೂ ಗುಳೇದಗುಡ್ಡಕ್ಕ ಹೋದಿ?”

“ಹೋಗೇನ್ರಿ.”

“ಎಷ್ಟ ಸಲ?”

“ಭಾಳ ಸಲ ಹೋಗೇನಿ. ನೆಪ್ಪಿಲ್ರಿ.”

ಸೂಪರಿಂಟೆಂಡೆಂಟರು ಪೆನ್ನಿನ ಟೊಪ್ಪಿಗೆ ತೆಗೆದರು. ಅವನ ಮಾತನ್ನೂ ಆಡಿದ ಹಾಗೆಯೇ ಬರೆದು, ಓದಿ ಹೇಳಿ, ಸಹಿ ತೆಗೆದುಕೊಂಡೆವು. ತಾನು ಮಾಡಿದ್ದಕ್ಕೆ ಇಂಥ ಒಂದು ಹೆಸರಿದೆಯೆಂದು ಅವನಿಗೆ ಅವತ್ತೇ ಮೊದಲ ಬಾರಿ ತಿಳಿದದ್ದು. ಸ್ವಲ್ಪ ಪಾಪ ಅನ್ನಿಸಿತು. ಹಾಗೆಂದು ಹೆಸರು ಬದಲಿಸುವ ಹಾಗಿರಲಿಲ್ಲ.

ವರದಿಯಲ್ಲಿ ಹಿಂಬಾಲಿಸಿ ಪೀಡಿಸಿದ್ದು ಸಾಬೀತಾಗಿದೆ ಎಂದು ಬರೆದೆವು. ಅವನನ್ನು ಆ ಸೆಮಿಸ್ಟರ್ ಮುಗಿಯುವವರೆಗೆ ತರಗತಿಯಿಂದ ದೂರವಿಡಬೇಕು, ಹುಡುಗಿಯ ತರಬೇತಿಯ ಜಾಗದ ಕಡೆ ಅವನು ಸುಳಿಯಬಾರದು, ಅವಳಿಗೆ ತಪ್ಪಿದ ದಿನಗಳನ್ನು ತುಂಬಿ ಕೊಡಬೇಕು ಎಂದು ಶಿಫಾರಸು ಮಾಡಿದೆವು. ಪೊಲೀಸರಿಗೆ ದೂರು ಕೊಡುವುದಾದರೆ ಕಾಲೇಜು ಜೊತೆಗಿರುತ್ತದೆ ಎಂದು ಹುಡುಗಿಗೆ ಹೇಳಿದೆ. “ಈಗ ಬ್ಯಾಡ್ರಿ. ಮತ್ತ ಬಸ್ಸಿನಾಗ ಕಂಡ್ರ ನಾನ ಠಾಣೇಕ ಹೋಗ್ತೇನಿ,” ಎಂದಳು. ಅದು ಅವಳ ಹಕ್ಕು, ಒತ್ತಾಯ ಮಾಡಲಿಲ್ಲ.

ಇದು ಗೊತ್ತಾದ ಕೂಡಲೇ ಪ್ರಾಚಾರ್ಯರಿಗೆ ಜೀವ ಬಂತು. “ಪೊಲೀಸ್ ಕೇಸ ಇಲ್ಲಂದ್ರ ವಾರ್ಷಿಕ ವರದಿಯೊಳಗ ಬರೂದಿಲ್ಲಲ್ರಿ? ಆ ಪ್ರೇಮ ಪ್ರಕರಣ ಅಂತನ ಇರಲಿ ಬಿಡ್ರಿ.”

“ಇದು ಕೇಸುಗಳ ಲೆಕ್ಕ ಅಲ್ರಿ ಸರ್, ನಡದದ್ದರ ಲೆಕ್ಕ. ಪ್ರೇಮ ಆಗಿದ್ರ ವರದಿಯೊಳಗ ಬರಿಯೂವಂಥಾದ್ದು ಏನೂ ಇಲ್ಲ. ಬರಿಯೂವಂಥಾದ್ದು ಐತಿ ಅಂದ್ರ ಅದು ಪ್ರೇಮ ಅಲ್ಲ. ಎರಡರಾಗ ಒಂದ ಆರಿಸ್ರಿ. ನನ್ನ ಸಹಿ ಬೇಕಾದ್ರ.”

ಪರಿಶೀಲನಾ ತಂಡ ಬರುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ, ನನ್ನ ಸಹಿ ಅವರಿಗೆ ಬೇಕೇ ಬೇಕಿತ್ತು. ದಿನವಹಿಯ ಆ ಸಾಲಿಗೆ ಕೆಂಪು ಶಾಯಿಯಲ್ಲಿ ತಿದ್ದುಪಡಿ ಬರೆದು, ಅದರ ಕೆಳಗೆ ತಾವೇ ಸಹಿ ಮಾಡಿದರು. ಕಳವು, ಸುಲಿಗೆ, ಗಾಯ, ಹಿಂಬಾಲಿಸಿ ಪೀಡಿಸಿದ್ದು, ಎಲ್ಲವೂ ತಮ್ಮ ತಮ್ಮ ಹೆಸರಿನಲ್ಲಿ ವಾರ್ಷಿಕ ವರದಿಗೆ ಬಂದವು. ತಂಡದವರು ಅದನ್ನು ನೋಡಿ ಯಾರ ತಲೆಯನ್ನೂ ತೆಗೆಯಲಿಲ್ಲ.

ನಾಕನೇ ಸಂತೆ ಮುಗಿಸಿಕೊಂಡು ಅಪ್ಪ ಬಂದರು, ಮಾತಿನಂತೆ. ಮಗಳೂ ಜೊತೆಗಿದ್ದಳು. ಅಪ್ಪನಿಗೆ ಹೇಳಬಹುದೇ ಎಂದು ಅವಳನ್ನು ಮೊದಲು ಕೇಳಿದೆ. ಹೂಂ ಎಂದಳು.

“ಏನಂತ ಬರದೀರಿ, ಓದ್ರಿ ಅಕ್ಕಾರ,” ಎಂದರು ಅಪ್ಪ.

ವಾರ್ಷಿಕ ವರದಿಯ ಆ ಸಾಲನ್ನು ಓದಿದೆ. ತರಬೇತಿಯ ಸ್ಥಳದಲ್ಲಿ ವಿದ್ಯಾರ್ಥಿನಿಯನ್ನು ಹಿಂಬಾಲಿಸಿ ಪೀಡಿಸಿದ್ದು. ಸಾಬೀತಾಗಿದೆ. ಕ್ರಮ ಕೈಗೊಂಡಿದೆ.

“ಇದರಾಗ ನನ್ನ ಮಗಳ ಹೆಸರು?”

“ಇಲ್ರಿ. ಇದರಾಗ ಇರೂದು ಅವ ಮಾಡಿದ್ದು.”

ಅವರು ಇನ್ನೊಮ್ಮೆ ಓದಿಸಿಕೊಂಡರು. ಒಂದೊಂದು ಶಬ್ದಕ್ಕೂ ತಲೆಯಾಡಿಸಿದರು.

“ಹಂಗಾದ್ರ ನನ್ನ ಮಗಳು ಏನೂ ಮಾಡಿಲ್ಲ?”

“ಮಾಡ್ಯಾಳ್ರಿ,” ಎಂದೆ. “ಬ್ಯಾಡ ಅಂದಾಳ. ಅವಗ ತಿಳಿಯೂ ಹಂಗ ಅಂದಾಳ.”

ಅವರು ಮಗಳ ಕಡೆ ತಿರುಗಿದರು. ದನಿ ಒರಟಾಗಿತ್ತು, ಕಣ್ಣು ಹಾಗಿರಲಿಲ್ಲ. “ನನ್ನ ಮುಂದ ಯಾಕ ಹೇಳಲಿಲ್ಲವಾ?”

“ಹೇಳಿದ್ರ ನೀ ಸಾಲಿ ಬಿಡಸ್ತಿದ್ದಿ, ಅಪ್ಪಾ.”

ಬಿಡಿಸಲೆಂದೇ ಅಲ್ಲವೇ ಅವರು ಬಂದಿದ್ದು. ಅಪ್ಪ ಕ್ಲಾರ್ಕಿನ ಕಿಟಕಿಗೆ ಹೋಗಿ, ಟಿ.ಸಿ.ಗೆ ಕೊಟ್ಟಿದ್ದ ಅರ್ಜಿಯನ್ನು ವಾಪಸು ಕೇಳಿದರು.